ಮೇಷ್ಟ್ರ ಮನೆಯಲ್ಲಿ ಹುಟ್ಟಿದ ಆಕಾಶವಾಣಿ

ಇನ್ನು ಮೇಲೆ ಆಲ್ ಇಂಡಿಯಾ ರೇಡಿಯೋ ಅನ್ನಬೇಡಿ, ಇಂಗ್ಲಿಷ್ ಕಾರ್ಯಕ್ರಮದಲ್ಲೂ ಆಕಾಶವಾಣಿ ಅಂತಲೇ ಹೇಳಿ ಎಂದು 2023ರ ಮೇ ತಿಂಗಳಲ್ಲಿ ದಿಲ್ಲಿಯಿಂದ ಆಜ್ಞೆ ಹೊರಟಿತು. ದೇಶಕ್ಕೆಲ್ಲ ಅದು ಹೆಸರು ಬದಲಾದ ಸುದ್ದಿ. ಮೈಸೂರಿನವರಿಗೆ ಮಾತ್ರ ಅದು ಮನೆಯ ಸುದ್ದಿ. ಯಾಕೆ ಅಂದರೆ, ರೇಡಿಯೋ ಕೇಂದ್ರಕ್ಕೆ ಆ ಹೆಸರಿಟ್ಟು ಪ್ರಸಾರ ಮಾಡಿದ್ದು ನಮ್ಮೂರಿನ ಒಂದು ವಾಸದ ಮನೆಯಿಂದ. ಮನೆಯ ಹೆಸರು ವಿಠಲ ವಿಹಾರ. ಯಜಮಾನರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ.

ಹೆಸರು ಕೇಳಿದವರು ಊರಲ್ಲಿ ಬಹಳ ಜನ ಇದ್ದಾರೆ. ಆದರೆ ಆಮೇಲೇನಾಯಿತು ಅಂತ ಕೇಳಿದರೆ ತಲೆ ಕೆರೆದುಕೊಳ್ಳುವವರೇ ಹೆಚ್ಚು. ಆ ಮೇಷ್ಟ್ರು ಏನು ಮಾಡಿದರು, ಅವರು ಮಾಡಿದ್ದು ಕೊನೆಗೆ ಯಾರ ಪಾಲಾಯಿತು ಅನ್ನೋದನ್ನ ಒಂದು ಸಲ ಸಾವಕಾಶವಾಗಿ ನೋಡೋಣ.

ಲಂಡನ್ನಿನಿಂದ ಮೈಸೂರಿಗೆ

ಗೋಪಾಲಸ್ವಾಮಿಯವರು ಓದಿದ್ದು ಲಂಡನ್ ವಿಶ್ವವಿದ್ಯಾನಿಲಯದಲ್ಲಿ, ಚಾರ್ಲ್ಸ್ ಸ್ಪಿಯರ್‌ಮನ್ ಅನ್ನುವ ದೊಡ್ಡ ಪಂಡಿತರ ಕೈಕೆಳಗೆ. ಈ ಸ್ಪಿಯರ್‌ಮನ್ ಮೊದಲು ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು. ನೌಕರಿ ಬಿಟ್ಟು ಜರ್ಮನಿಗೆ ಹೋಗಿ ಮನಸ್ಸಿನ ಶಾಸ್ತ್ರ ಕಲಿತವರು. ಲೆಕ್ಕದಲ್ಲಿ ಚುರುಕಾದ ಹುಡುಗ ಭಾಷೆಯಲ್ಲೂ ಸಾಮಾನ್ಯವಾಗಿ ಚುರುಕಾಗಿರುತ್ತಾನೆ, ಹಾಗಾದರೆ ಎಲ್ಲ ಜಾಣತನದ ಹಿಂದೆ ಒಂದೇ ಮೂಲಶಕ್ತಿ ಇರಬೇಕು ಅಂತ 1904ರಲ್ಲೇ ಅಂಕಿ ಸಮೇತ ವಾದಿಸಿ ಹೆಸರಾಗಿದ್ದವರು. ಇಂಥವರ ಶಿಷ್ಯರಾಗಿ ನಮ್ಮ ಮೇಷ್ಟ್ರು, ಕೈಕೆಲಸ ಕಲಿಯುವಾಗ ಬುದ್ಧಿಯ ಪಾತ್ರ ಎಷ್ಟು ಅನ್ನುವ ವಿಷಯದ ಮೇಲೆ ಸಂಶೋಧನೆ ಮಾಡಿದರು. 1924ರಲ್ಲಿ ಅದು ಇಂಗ್ಲೆಂಡಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಅಚ್ಚಾಯಿತು.

ಅದೇ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ತೆರೆದರು. ಆಗ ವೈಸ್ ಚಾನ್ಸಲರ್ ಆಗಿದ್ದವರು ಬಂಗಾಳದ ಬ್ರಜೇಂದ್ರನಾಥ ಸೀಲ್. ಕಲ್ಕತ್ತ ಬಿಟ್ಟರೆ ದೇಶದಲ್ಲಿ ಇಂಥ ವಿಭಾಗ ಶುರುವಾದದ್ದು ಎರಡನೆಯದಾಗಿ ಇಲ್ಲೇ. ಅದನ್ನು ಕಟ್ಟಿ ನಿಲ್ಲಿಸುವ ಜವಾಬ್ದಾರಿ ಗೋಪಾಲಸ್ವಾಮಿಯವರ ಹೆಗಲಿಗೆ ಬಿತ್ತು. ವಿಶ್ವವಿದ್ಯಾನಿಲಯವೇ ಆಗ ಎಂಟು ವರ್ಷದ ಕೂಸು. ಮನಸ್ಸನ್ನ ಲ್ಯಾಬೊರೇಟರಿಯಲ್ಲಿಟ್ಟು ಅಳೀತಾರಂತೆ ಅಂದರೆ ನಗುವವರು ನಗಲಿ, ಮೇಷ್ಟ್ರು ತಮ್ಮ ಕೆಲಸ ತಾವು ಮಾಡಿಕೊಂಡು ಹೋದರು.

ಇಷ್ಟಕ್ಕೇ ನಿಲ್ಲಿಸಿದ್ದರೂ ಅವರದು ಒಂದು ಒಳ್ಳೆಯ ಬಾಳು ಅಂತ ಆಗುತ್ತಿತ್ತು. ಕಾಲೇಜು, ಪಾಠ, ಸಂಶೋಧನೆ, ತಿಂಗಳಿಗೆ ಸಂಬಳ. ಆದರೆ ಅವರು ಇನ್ನೊಂದಕ್ಕೆ ಕೈ ಹಾಕಿದರು. ಅದೂ ಎಂಥದ್ದಕ್ಕೆ? ಆ ಕಾಲಕ್ಕೆ ದಿವಾಳಿಯ ದಂಧೆ ಅಂತ ಹೆಸರು ಪಡೆದಿದ್ದ ಒಂದಕ್ಕೆ.

ಮುಳುಗಿದ ಅಂಗಡಿಯ ಲೆಕ್ಕ

ವ್ಯಾಪಾರ ಗೊತ್ತಿದ್ದವರು ಈ ಲೆಕ್ಕ ಸ್ವಲ್ಪ ಗಮನಿಸಿ. 1927ರಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಅಂತ ಒಂದು ಖಾಸಗಿ ಕಂಪನಿ ಹುಟ್ಟಿತು. ಜುಲೈ 23ಕ್ಕೆ ಬೊಂಬಾಯಿ ಕೇಂದ್ರ, ಆಗಸ್ಟ್ 26ಕ್ಕೆ ಕಲ್ಕತ್ತ ಕೇಂದ್ರ. ಬೊಂಬಾಯಿಯಲ್ಲಿ ವೈಸರಾಯರೇ ಬಂದು ಉದ್ಘಾಟನೆ ಮಾಡಿದರು. ಎರಡೂ ಕಡೆ ಒಂದೂವರೆ ಕಿಲೋವಾಟಿನ, ಅಂದರೆ 1,500 ವಾಟಿನ, ಟ್ರಾನ್ಸ್‌ಮಿಟರು. ಕಂಪನಿಯ ಮುಖ್ಯ ಆದಾಯ ಯಾವುದು? ರೇಡಿಯೋ ಇಟ್ಟುಕೊಂಡವರು ವರ್ಷಕ್ಕೆ ಕಟ್ಟುತ್ತಿದ್ದ 10 ರೂಪಾಯಿ ಲೈಸೆನ್ಸು. ಅದರಲ್ಲಿ ಒಂದು ಪಾಲು ಸರ್ಕಾರ ಹಿಡಿದುಕೊಂಡು, ಉಳಿದದ್ದು ಕಂಪನಿಗೆ. 1929ರ ಕೊನೆಗೆ ನೋಡಿದರೆ ಲೈಸೆನ್ಸು ಪಡೆದವರು ಇಡೀ ದೇಶದಲ್ಲಿ ಎಂಟು ಸಾವಿರ ಕೂಡ ಇರಲಿಲ್ಲ. ಗಿರಾಕಿ ಇಲ್ಲದ ಮೇಲೆ ಅಂಗಡಿ ಎಷ್ಟು ದಿನ ನಡೆದೀತು? 1930ರ ಮಾರ್ಚ್ 1ಕ್ಕೆ ಕಂಪನಿ ಬಾಗಿಲು ಹಾಕುವ ಸ್ಥಿತಿಗೆ ಬಂತು. ಏಪ್ರಿಲ್‌ನಿಂದ ಸರ್ಕಾರ ವಹಿಸಿಕೊಂಡಿತು.

ಅದಕ್ಕೂ ಮೊದಲು 1924ರಲ್ಲಿ ಮದರಾಸಿನಲ್ಲಿ ಹವ್ಯಾಸಿಗಳು ಸೇರಿ ರೇಡಿಯೋ ಕ್ಲಬ್ಬು ಮಾಡಿದ್ದರು. ಹಣ ಸಾಲದೆ ಅದೂ ಕೆಲವೇ ವರ್ಷದಲ್ಲಿ ನಿಂತುಹೋಯಿತು.

ಹೀಗೆ ದೊಡ್ಡ ದೊಡ್ಡ ಪಟ್ಟಣದಲ್ಲಿ, ದುಡ್ಡಿದ್ದವರ ಕೈಯಲ್ಲೇ ಸೋತ ಕೆಲಸವನ್ನು 1935ರಲ್ಲಿ ಮೈಸೂರಿನ ಒಬ್ಬ ಮೇಷ್ಟ್ರು ಮನೆಯಲ್ಲಿ ಶುರು ಮಾಡಿದರು. ಕಂಪನಿ ಇಲ್ಲ, ಷೇರುದಾರರಿಲ್ಲ. ಇದ್ದದ್ದು 30 ವಾಟಿನ ಒಂದು ಟ್ರಾನ್ಸ್‌ಮಿಟರು. 30 ವಾಟು ಅಂದರೆ ಎಷ್ಟು? ಹಿಂದೆ ಅಂಗಡಿ ಮುಂದೆ ಉರಿಸುತ್ತಿದ್ದ ಗುಂಡನೆಯ ಬಲ್ಬು 60 ವಾಟು. ಅದರ ಅರ್ಧ! ಬೊಂಬಾಯಿ ಕೇಂದ್ರದ ಶಕ್ತಿಯಲ್ಲಿ ಐವತ್ತನೇ ಒಂದು ಪಾಲು. ಇಷ್ಟರಲ್ಲಿ ದೇಶ ಮುಟ್ಟುವುದು ಹಾಗಿರಲಿ, ಜಿಲ್ಲೆ ಮುಟ್ಟುವುದೂ ಕಷ್ಟವೇ. ಆದರೆ ಊರು ಮುಟ್ಟಬಹುದು. 1935ರ ಸೆಪ್ಟೆಂಬರ್ 10ರಂದು ಪ್ರಸಾರ ಶುರುವಾಯಿತು.

ಈ ತಾರೀಕು ನೆನಪಿಡಿ. ದಿಲ್ಲಿಯಲ್ಲಿ ಆಗ ಸರ್ಕಾರದ ಕೇಂದ್ರವೇ ಇರಲಿಲ್ಲ. ಅದು ಬಂದದ್ದು 1936ರ ಜನವರಿ 1ಕ್ಕೆ. ಲಂಡನ್ನಿನ ಬಿಬಿಸಿಯಿಂದ ಬಂದಿದ್ದ ಲಯೊನೆಲ್ ಫೀಲ್ಡನ್ ಸಾಹೇಬರು ಸರ್ಕಾರಿ ರೇಡಿಯೋದ ಯಜಮಾನಿಕೆ ವಹಿಸಿಕೊಂಡದ್ದೇ 1935ರ ಆಗಸ್ಟಿನಲ್ಲಿ. ಆಲ್ ಇಂಡಿಯಾ ರೇಡಿಯೋ ಅನ್ನುವ ಹೆಸರು ಬಿದ್ದದ್ದು 1936ರ ಜೂನ್ 8ಕ್ಕೆ. ಅಂದರೆ ಆಲ್ ಇಂಡಿಯಾ ರೇಡಿಯೋಗಿಂತ ಮೈಸೂರಿನ ಆಕಾಶವಾಣಿ ಒಂಬತ್ತು ತಿಂಗಳು ಹಿರಿಯದು.

ಹೆಸರಿನ ಕಥೆ

ಆಕಾಶವಾಣಿ ಅನ್ನುವ ಪದ ನಮಗೆ ಹೊಸದಲ್ಲ. ತಂಗಿ ದೇವಕಿಯನ್ನು ರಥದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ ಕಂಸನಿಗೆ ಮೇಲಿಂದ ಕೇಳಿಸಿದ್ದು ಆಕಾಶವಾಣಿಯೇ. ಹರಿಕಥೆ ಕೇಳಿದವರಿಗೆ, ಬಯಲಾಟ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾತಾಡುವವರು ಕಾಣುವುದಿಲ್ಲ, ಮಾತು ಮಾತ್ರ ಬರುತ್ತದೆ. ರೇಡಿಯೋ ಅಂದರೂ ಅಷ್ಟೇ ತಾನೆ?

ಈ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿ ಅಂತ ಹೇಳುತ್ತಾರೆ. ಕೇರಳದಿಂದ ಬಂದು, ಮೈಸೂರಿನಲ್ಲಿ ಮೇಷ್ಟ್ರಾಗಿ, ಕನ್ನಡ ಕಲಿತು ಕನ್ನಡಿಗರನ್ನೇ ನಗಿಸಿದ ಪುಣ್ಯಾತ್ಮರು. ಪದಗಳನ್ನು ಹಿಂಡಿ ಹಿಪ್ಪೆ ಮಾಡಿ ಅನರ್ಥಕೋಶ ಬರೆದವರು. ಹೊಸ ಯಂತ್ರಕ್ಕೆ ಹಳೆಯ ಪದವನ್ನು ಇಷ್ಟು ಹದವಾಗಿ ತೊಡಿಸಬೇಕಾದರೆ ಅಂಥ ಕಿವಿಯೇ ಬೇಕು. ಹೆಸರು ಅವರದಿರಬಹುದು, ಅದನ್ನು ಒಪ್ಪಿ, ಇಟ್ಟು, ಗಾಳಿಯಲ್ಲಿ ಹರಿಯಬಿಟ್ಟವರು ಗೋಪಾಲಸ್ವಾಮಿಯವರು.

ಕಲ್ಕತ್ತದ ಕಡೆಯವರು ಈ ಪದದ ಮಾತು ಬಂದಾಗ ರವೀಂದ್ರನಾಥ ಟಾಗೋರರ ಹೆಸರು ಹೇಳುವುದುಂಟು. ಅಲ್ಲಿನ ರೇಡಿಯೋಗೆ ಅವರು ಆಕಾಶವಾಣಿ ಅಂತ ಕವಿತೆ ಬರೆದುಕೊಟ್ಟದ್ದು ನಿಜ. ಅದು 1938ರ ಮಾತು. ಮೈಸೂರಿನದು 1935ರದು. ಗುರುದೇವರ ಮೇಲೆ ಗೌರವ ಇಟ್ಟುಕೊಂಡೇ ಈ ಮೂರು ವರ್ಷದ ಲೆಕ್ಕವನ್ನು ನಾವು ಹೇಳಬಹುದು.

ಒಂದೇ ಅಂಗಡಿ, ಎಲ್ಲ ಸಾಮಾನು

ರೇಡಿಯೋ ಕೇಂದ್ರ ಶುರು ಮಾಡುವುದು ಒಂದು ಕಷ್ಟ. ದಿನಾ ಅದಕ್ಕೆ ಊಟ ಹಾಕುವುದು ನೂರು ಕಷ್ಟ. ಟೇಪ್ ರೆಕಾರ್ಡರು ಇನ್ನೂ ನಮ್ಮ ಕಡೆಗೆ ಬಾರದ ಕಾಲ. ಗ್ರಾಮಫೋನ್ ಪ್ಲೇಟು ಬಿಟ್ಟರೆ ಉಳಿದದ್ದೆಲ್ಲ ಅಲ್ಲೇ, ಆಗಲೇ ಆಗಬೇಕು. ಹಾಡುವವರು ಮೈಕಿನ ಮುಂದೆ ಕೂತು ಹಾಡಬೇಕು. ಭಾಷಣದವರು ಸಮಯಕ್ಕೆ ಸರಿಯಾಗಿ ಬರಬೇಕು. ಕೆಮ್ಮು ಬಂದರೆ ಕೆಮ್ಮೂ ಪ್ರಸಾರ. ನಾಟಕದವನು ಮಾತು ಮರೆತರೆ ಊರಿಗೆಲ್ಲ ಗೊತ್ತು. ತಿದ್ದುವುದಕ್ಕೆ, ಅಳಿಸುವುದಕ್ಕೆ, ನಾಳೆಗೆ ಇಡುವುದಕ್ಕೆ ದಾರಿಯೇ ಇಲ್ಲ.

ಅದೃಷ್ಟಕ್ಕೆ ಆಗಿನ ಮೈಸೂರು ವಿದ್ವಾಂಸರ ಸಂತೆ. ವಾಸುದೇವಾಚಾರ್ಯರು, ವೀಣೆ ವೆಂಕಟಗಿರಿಯಪ್ಪನವರು, ಪಿಟೀಲು ಚೌಡಯ್ಯನವರು ಇದೇ ಬೀದಿಗಳಲ್ಲಿ ಓಡಾಡಿಕೊಂಡಿದ್ದ ಕಾಲ ಅದು. ಮಹಾರಾಜಾ ಕಾಲೇಜಿನಲ್ಲಂತೂ ಕೇಳುವುದೇ ಬೇಡ. 1935ರಲ್ಲಿ ಕುವೆಂಪು ಅಲ್ಲೇ ಕನ್ನಡ ಪಾಠ ಹೇಳುತ್ತಿದ್ದರು. ಮಾತು, ಹಾಡು, ನಾಟಕ ಯಾವುದಕ್ಕೂ ಊರಿನಲ್ಲಿ ಬರ ಇರಲಿಲ್ಲ. ಅದನ್ನೆಲ್ಲ ಒಂದು ಮೈಕಿನ ಮುಂದೆ ತರುವ ಒಬ್ಬ ಮನುಷ್ಯ ಬೇಕಾಗಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಒಂದೇ ಕೇಂದ್ರ, ಕೇಳುವವರು ಹಲವು ಥರ. ಸಂಗೀತ ಬಲ್ಲವರಿಗೆ ರಾಗ ಬೇಕು, ಮನೆಯ ಹೆಂಗಸರಿಗೆ ತಮ್ಮ ವಿಷಯ ಬೇಕು, ಮಕ್ಕಳಿಗೆ ಕಥೆ ಬೇಕು, ರೈತನಿಗೆ ಮಳೆ ಬೆಳೆ ಬೇಕು. ಬರೀ ಶಾಸ್ತ್ರೀಯ ಸಂಗೀತ ಹಾಕಿದರೆ ಅರ್ಧ ಊರು ಕಿವಿ ತಿರುಗಿಸುತ್ತದೆ. ಬರೀ ಭಾಷಣ ಹಾಕಿದರೆ ಮುಕ್ಕಾಲು ಊರು. ಇಡೀ ಬೀದಿಗೆ ಒಂದೇ ಅಂಗಡಿ ಇದ್ದಾಗ ಅವನು ಅಕ್ಕಿಯನ್ನೂ ಇಡಬೇಕು, ಸೋಪನ್ನೂ ಇಡಬೇಕು, ಮಕ್ಕಳಿಗೆ ಪೆಪ್ಪರಮೆಂಟನ್ನೂ ಇಡಬೇಕು. ಅದೇ ನ್ಯಾಯ ರೇಡಿಯೋಗೂ.

ಮುಂದೆ ಸರ್ಕಾರದ ಆಕಾಶವಾಣಿ ದೇಶಕ್ಕೆಲ್ಲ ಬಡಿಸಿದ್ದು ಇದೇ ಬೆರಕೆ ಊಟವನ್ನೇ. ಟಿ.ವಿ. ಬರುವುದಕ್ಕೆ ಮುಂಚಿನ ನಮ್ಮ ಊರಿನ ಒಂದು ದಿನ ಜ್ಞಾಪಿಸಿಕೊಳ್ಳಿ. ಬೆಳಗಿನ ಝಾವ ಸಂಕೇತ ವಾದ್ಯ, ವಂದೇ ಮಾತರಂ, ಆಮೇಲೆ ನಾಗಸ್ವರ. ಹಾಲಿನವನು ಬರುವ ಹೊತ್ತಿಗೆ ಭಕ್ತಿಗೀತೆ. 1974ರಿಂದ ಸಂಸ್ಕೃತ ವಾರ್ತೆಯೂ ಸೇರಿಕೊಂಡಿತು. ಅರ್ಥವಾಗಲಿ ಬಿಡಲಿ, ಅದು ಬಂತು ಅಂದರೆ ಏಳು ಗಂಟೆ ಹತ್ತಿರ ಅಂತ ಲೆಕ್ಕ. ಚಿಂತನ, ಪ್ರದೇಶ ಸಮಾಚಾರ. ಸ್ಕೂಲಿನ ಹುಡುಗರು ಚೀಲ ಹೆಗಲಿಗೆ ಹಾಕುತ್ತಿದ್ದದ್ದು, ಆಫೀಸಿನವರು ಬಸ್‌ಸ್ಟಾಪಿಗೆ ಓಡುತ್ತಿದ್ದದ್ದು ಗಡಿಯಾರ ನೋಡಿ ಅಲ್ಲ, ಯಾವ ಕಾರ್ಯಕ್ರಮ ಮುಗಿಯಿತು ಅಂತ ಕೇಳಿ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಮ್ಮಿಯಾದಾಗ ಚಿತ್ರಗೀತೆ. ಸಂಜೆ ರೈತರಿಗೆ ಕೃಷಿರಂಗ, ಹುಡುಗರಿಗೆ ಯುವವಾಣಿ. ರಾತ್ರಿ ಊಟದ ನಂತರ ನಾಟಕವೋ ಕಚೇರಿಯೋ. ಊರಿನ ಪಾರ್ಕಿನಲ್ಲಿ ಮುನಿಸಿಪಾಲಿಟಿ ರೇಡಿಯೋ ಇದ್ದರೆ, ಬೆಂಚಿನ ಮೇಲೆ ವಕೀಲರೂ ಜಟಕಾದವರೂ ಒಂದೇ ವಾರ್ತೆ ಕೇಳುತ್ತಿದ್ದರು.

ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರ ಕಿವಿಗೂ ಬೀಳುತ್ತಿತ್ತು. ಹಾಗಾಗಿ ದರ್ಜಿಗೆ ತೋಡಿ ರಾಗ ಗೊತ್ತಾಯಿತು, ಪಟ್ಟಣದವನಿಗೆ ಭತ್ತದ ರೋಗ ಗೊತ್ತಾಯಿತು. ಇದು ಬೆರಕೆಯ ಲಾಭ.

ಕೈಯಿಂದ ಕೈಗೆ

ಮತ್ತೆ ವಿಠಲ ವಿಹಾರಕ್ಕೆ ಬರೋಣ. ಸ್ವಲ್ಪ ಕಾಲದಲ್ಲೇ ಮೇಷ್ಟ್ರು 30 ವಾಟನ್ನು ಬಿಟ್ಟು 250 ವಾಟಿನ ಟ್ರಾನ್ಸ್‌ಮಿಟರು ತರಿಸಿದರು. ಅದು ಹೊರದೇಶದಿಂದ ಬರಬೇಕಾದ ಸರಕು. ಜನ ಕೈಲಾದಷ್ಟು ಕೊಟ್ಟರು, ಮೈಸೂರು ಮುನಿಸಿಪಾಲಿಟಿಯೂ ನೆರವು ಕೊಟ್ಟಿತು. ಆದರೂ ಹೊರೆಯ ದೊಡ್ಡ ಭಾಗ ಹೊತ್ತವರು ಯಾರು ಅಂತ ಕೇಳಬೇಕಾಗಿಲ್ಲ. ಬೆಳಗ್ಗೆ ಕಾಲೇಜಿನ ಕೆಲಸ, ಅದಾದ ಮೇಲೆ ರೇಡಿಯೋ ಕೆಲಸ. ಹೀಗೆ ಸುಮಾರು ಆರು ವರ್ಷ ನಡೆಯಿತು. ಬಂಡವಾಳ ಹಾಕಿದ್ದ ಕಂಪನಿ ಮೂರು ವರ್ಷಕ್ಕೆ ಕೈ ಚೆಲ್ಲಿತ್ತು ಅನ್ನೋದನ್ನ ಪಕ್ಕದಲ್ಲಿಟ್ಟು ನೋಡಿ.

1942ರ ಜನವರಿಯಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಕೇಂದ್ರವನ್ನು ವಹಿಸಿಕೊಂಡಿತು. ಒಂದು ರೀತಿಯಲ್ಲಿ ಅದು ಗೆಲುವು. ಒಬ್ಬರ ಮನೆಯ ಕೆಲಸ ನಾಡಿನ ಕೆಲಸ ಆಯಿತು. ಇನ್ನೊಂದು ರೀತಿಯಲ್ಲಿ ನೋಡಿದರೆ, ಸಾಕಿದ ಮಗುವನ್ನು ಬೇರೆ ಮನೆಗೆ ಕೊಟ್ಟ ಹಾಗೆ. ಕೊಡದೆ ಇದ್ದಿದ್ದರೆ? ಯುದ್ಧದ ಕಾಲ, ಸಾಮಾನು ಸಿಗದ ಕಾಲ. ಒಬ್ಬ ಮೇಷ್ಟ್ರ ಶಕ್ತಿ ಎಷ್ಟು ದಿನ ಸಾಕಾದೀತು? ಕೇಂದ್ರ ಉಳಿಯಬೇಕಾದರೆ ಕೈ ಬದಲಾಗಲೇಬೇಕಿತ್ತು.

1947ರಲ್ಲಿ ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಆಲ್ ಇಂಡಿಯಾ ರೇಡಿಯೋದ ಆರು ಕೇಂದ್ರ ಮಾತ್ರ ಬಂದವು: ದಿಲ್ಲಿ, ಬೊಂಬಾಯಿ, ಕಲ್ಕತ್ತ, ಮದರಾಸು, ತಿರುಚಿನಾಪಳ್ಳಿ, ಲಕ್ನೋ. ಮೈಸೂರು ಆ ಪಟ್ಟಿಯಲ್ಲಿಲ್ಲ, ಯಾಕೆ ಅಂದರೆ ನಮ್ಮದು ಸಂಸ್ಥಾನದ ಸ್ವಂತ ಕೇಂದ್ರ. ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ, 1950ರ ಏಪ್ರಿಲ್‌ನಲ್ಲಿ, ಅದು ಕೇಂದ್ರ ಸರ್ಕಾರದ ಕೈಗೆ ಹೋಯಿತು. ಅಲ್ಲಿಗೆ ಮೂರನೇ ಯಜಮಾನರು.

ಆಮೇಲೆ ಬಂತು ನೋಡಿ ಪೆಟ್ಟು. 1955ರ ನವೆಂಬರ್ 2ಕ್ಕೆ ಬೆಂಗಳೂರು ಕೇಂದ್ರ ಶುರುವಾಯಿತು, ಮೈಸೂರು ಕೇಂದ್ರವನ್ನು ಎತ್ತಿ ಅಲ್ಲಿಗೆ ಸೇರಿಸಿದರು. ರಾಜಧಾನಿ ಅಲ್ಲಿ, ಸರ್ಕಾರ ಅಲ್ಲಿ, ರೇಡಿಯೋನೂ ಅಲ್ಲೇ ಇರಲಿ ಅನ್ನುವುದಕ್ಕೆ ಕಾರಣ ಏನೋ ಇತ್ತು. ಆದರೆ ಇಪ್ಪತ್ತು ವರ್ಷ ತನ್ನದೇ ದನಿ ಇದ್ದ ಊರಿಗೆ ಆ ದನಿ ಇಲ್ಲದಾಯಿತು. ಹುಟ್ಟಿಸಿದವರು ಅದೇ ಊರಿನವರು, ಅವರ ಕಣ್ಣ ಮುಂದೆಯೇ ಅದು ಊರು ಬಿಟ್ಟಿತು.

ಹೋದದ್ದು, ಉಳಿದದ್ದು

ಇಲ್ಲೇ ಕಥೆಯ ತಿರುವು. ಕೇಂದ್ರ ಮೈಸೂರು ಬಿಟ್ಟು ಹೋದ ಒಂದೆರಡು ವರ್ಷದಲ್ಲೇ, 1956-57ರ ಹೊತ್ತಿಗೆ, ಆಲ್ ಇಂಡಿಯಾ ರೇಡಿಯೋಗೆ ಒಂದು ದೇಶೀ ಹೆಸರು ಬೇಕು ಅನ್ನುವಾಗ ಅಧಿಕೃತವಾಗಿ ಇಟ್ಟದ್ದು ಆಕಾಶವಾಣಿ ಅಂತ. ಯಂತ್ರ ಹೋಯಿತು, ಸಿಬ್ಬಂದಿ ಹೋಯಿತು, ಕೇಂದ್ರವೇ ಹೋಯಿತು. ಹೆಸರು ಮಾತ್ರ ಬೆಂಗಳೂರನ್ನೂ ದಾಟಿ ದಿಲ್ಲಿ ಸೇರಿ, ಅಲ್ಲಿಂದ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಹರಡಿತು. 30 ವಾಟಿಗೆ ಮುಟ್ಟಲು ಆಗದ ದೂರವನ್ನು ಒಂದು ಪದ ಮುಟ್ಟಿತು.

ಗೋಪಾಲಸ್ವಾಮಿಯವರು 1957ರಲ್ಲಿ ತೀರಿಕೊಂಡರು. ಅದೇ ವರ್ಷದ ಅಕ್ಟೋಬರ್ 3ಕ್ಕೆ ವಿವಿಧ ಭಾರತಿ ಶುರುವಾಯಿತು. ಹಾಡು, ಹಾಸ್ಯ, ಕಿರುನಾಟಕ ಎಲ್ಲ ಬೆರೆಸಿದ ಆ ಪ್ರಸಾರದ ಹೆಸರೇ ಹೇಳುವ ಹಾಗೆ, ಬೆರಕೆಯ ಊಟಕ್ಕೆ ಒಂದು ಪ್ರತ್ಯೇಕ ಎಲೆಯೇ ಸಿಕ್ಕಿತು.

ಮೈಸೂರಿಗೆ ಮತ್ತೆ ಸ್ವಂತ ಕೇಂದ್ರ ಬರಬೇಕಾದರೆ 1974ರ ನವೆಂಬರ್ 14ರವರೆಗೆ ಕಾಯಬೇಕಾಯಿತು. ಹತ್ತೊಂಬತ್ತು ವರ್ಷ! ಅಷ್ಟು ಹೊತ್ತಿಗೆ ಮೇಷ್ಟ್ರು ಹೋಗಿ ಹದಿನೇಳು ವರ್ಷ ಆಗಿತ್ತು. ಹೊಸ ಕೇಂದ್ರ ನಿಂತದ್ದು ಯಾದವಗಿರಿಯಲ್ಲಿ, ಹಳೆಯ ವಿಠಲ ವಿಹಾರಕ್ಕೆ ಇನ್ನೂರು ಗಜದಷ್ಟು ದೂರದಲ್ಲಿ. ಊರು ಬಿಟ್ಟು ಹೋದದ್ದು ಹೆಚ್ಚು ಕಡಿಮೆ ಹುಟ್ಟಿದ ಬೀದಿಗೇ ತಿರುಗಿ ಬಂತು.

ಈಗ ಲೆಕ್ಕ ಹಾಕಿ. ಗೋಪಾಲಸ್ವಾಮಿಯವರು ಇದರಿಂದ ಗಳಿಸಿದ್ದೇನು? ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಶುದ್ಧ ನಷ್ಟ. ಹಾಕಿದ ದುಡ್ಡು ಹೋಯಿತು, ಕಟ್ಟಿದ ಕೇಂದ್ರ ಮೊದಲು ಸಂಸ್ಥಾನಕ್ಕೆ, ಆಮೇಲೆ ದಿಲ್ಲಿಗೆ, ಆಮೇಲೆ ಬೆಂಗಳೂರಿಗೆ ಹೋಯಿತು. ಆದರೆ ಕೆಲವು ಅಂಗಡಿ ಹಾಗೇನೇ. ಮಾಲೀಕ ಹೋಗಿರುತ್ತಾನೆ, ಕಟ್ಟಡ ಬದಲಾಗಿರುತ್ತದೆ, ಬೋರ್ಡು ಮಾತ್ರ ನಿಂತಿರುತ್ತದೆ. ಆ ಬೋರ್ಡು ನೋಡಿಯೇ ಜನ ಬರುತ್ತಾರೆ. ಮೇಷ್ಟ್ರು ಬರೆಸಿದ ಬೋರ್ಡು ಈಗ ಇಡೀ ದೇಶದ ರೇಡಿಯೋ ಮೇಲಿದೆ, 2023ರಿಂದ ಇಂಗ್ಲಿಷಿನಲ್ಲೂ ಅದೊಂದೇ.

ಯಾದವಗಿರಿ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ, ಜೊತೆಗೆ ಮಕ್ಕಳಿದ್ದರೆ, ಆಕಾಶವಾಣಿ ಬಂದಾಗ ಇಷ್ಟು ಹೇಳಿ: ದೇಶಕ್ಕೆಲ್ಲ ಈ ಹೆಸರು ಹೋದದ್ದು ಇಲ್ಲೇ ಹತ್ತಿರದ ಒಂದು ಮನೆಯಿಂದ, ಹೋಗುವಂತೆ ಮಾಡಿದವರು ನಮ್ಮೂರಿನ ಒಬ್ಬ ಮೇಷ್ಟ್ರು. ಸ್ಟಾಪು ಬರುವುದರೊಳಗೆ ಹೇಳಿ ಮುಗಿಸಬಹುದು.